ಕಚೇರಿಯ ಹಳೆ ಕಂಪ್ಯೂಟರ್‌ಗಳನ್ನು ಯಾರಿಗೆ ಒಪ್ಪಿಸಬೇಕು? ಇ-ತ್ಯಾಜ್ಯ ವಿಲೇವಾರಿಯ ದಾರಿಗಳ ಹೋಲಿಕೆ

ಹಳೆ ಕಂಪ್ಯೂಟರ್‌ಗಳ ಲಾಟ್‌ಗೆ ಕೊಟೇಶನ್ ಕರೆದರೆ ಕಂಪನಿಯ ಆಡಳಿತ ವಿಭಾಗಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ಬರುತ್ತವೆ. ಒಬ್ಬರು ಕಿಲೋಗೆ ಒಳ್ಳೆಯ ರೇಟು ಹೇಳಿ, ನಾಳೆಯೇ ಟೆಂಪೊ ತಂದು ನಗದು ಕೊಟ್ಟು ಒಯ್ಯುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಅದಕ್ಕಿಂತ ಬಹಳ ಕಡಿಮೆ ರೇಟು ಹೇಳಿ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಂದಣಿ ಪತ್ರದ ಪ್ರತಿಯನ್ನು ಲಗತ್ತಿಸುತ್ತಾರೆ. ಮೂರನೆಯವರು ಪ್ರತಿ ಯಂತ್ರದ ಪಟ್ಟಿ ಮಾಡಲು, ಹಾರ್ಡ್ ಡಿಸ್ಕ್ ಅಳಿಸಲು, ಸಾಗಿಸಲು ನಮ್ಮಿಂದಲೇ ಶುಲ್ಕ ಕೇಳುತ್ತಾರೆ. ಹಣಕಾಸು ವಿಭಾಗದ ಲೆಕ್ಕದಲ್ಲಿ ಮೊದಲನೆಯವರು ಗೆಲ್ಲುತ್ತಾರೆ, ಕಾನೂನು ವಿಭಾಗ ಎರಡನೆಯವರನ್ನು ಒಪ್ಪುತ್ತದೆ, ಮಾಹಿತಿ ಭದ್ರತೆಯ ಹೊಣೆ ಹೊತ್ತವರು ಮೂರನೆಯವರೇ ಬೇಕೆನ್ನುತ್ತಾರೆ. ತೀರ್ಮಾನವಾಗದೆ ರಾಶಿ ಇನ್ನೂ ಒಂದು ವರ್ಷ ಸ್ಟೋರ್ ರೂಮಿನಲ್ಲೇ ಉಳಿಯುತ್ತದೆ.

ಈ ಬಿಕ್ಕಟ್ಟಿಗೆ ಕಾರಣ, ಇಡೀ ಲಾಟನ್ನು ಒಬ್ಬರಿಗೇ, ಒಂದೇ ದರಕ್ಕೆ ಕೊಟ್ಟು ಮುಗಿಸಬೇಕೆಂಬ ನಮ್ಮ ಅಭ್ಯಾಸ ಎಂಬುದು ನನ್ನ ದೃಢ ಅಭಿಪ್ರಾಯ. ಮೂರು ವರ್ಷ ಬಳಸಿದ ಲ್ಯಾಪ್‌ಟಾಪ್, ಗ್ರಾಹಕರ ಮಾಹಿತಿ ತುಂಬಿದ ಸರ್ವರ್, ಸತ್ತ ಯುಪಿಎಸ್ ಬ್ಯಾಟರಿ, ಹಳೆಯ ದಪ್ಪ ಮಾನಿಟರ್ ಇವೆಲ್ಲ ಒಂದೇ ಕೋಣೆಯಲ್ಲಿ ಬಿದ್ದಿದ್ದರೂ ಅವುಗಳ ಬೆಲೆ, ಅಪಾಯ ಮತ್ತು ಅವುಗಳಿಗೆ ಅನ್ವಯವಾಗುವ ಕಾನೂನು ಬೇರೆ ಬೇರೆ. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಶೇ 22.3ರಷ್ಟು ಮಾತ್ರ ದಾಖಲೆಗೆ ಸಿಗುವಂತೆ ಸಂಗ್ರಹವಾಗಿ ಮರುಬಳಕೆಯಾಯಿತು ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಕಚೇರಿಗಳಿಂದ ಹೊರಟು ಲೆಕ್ಕ ತಪ್ಪಿದ ಪಾಲೂ ಸೇರಿದೆ. ಮನೆಯ ಒಂದು ಹಳೆ ಫೋನಿನ ಜಾಡು ಹಿಡಿಯುವುದು ಕಷ್ಟ; ಆದರೆ ಪ್ರತಿ ಯಂತ್ರಕ್ಕೂ ಅಸೆಟ್ ಸಂಖ್ಯೆ ಅಂಟಿಸಿರುವ ಕಂಪನಿಗೆ ಜಾಡು ತಪ್ಪಿತೆಂದು ಹೇಳಲು ನೆಪವಿಲ್ಲ.

ಕಾನೂನು ಯಾರನ್ನು ಹಿಡಿಯುತ್ತದೆ

2022ರ ನವೆಂಬರ್ 2ರಂದು ಅಧಿಸೂಚನೆಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು ಹಳೆಯ 2016ರ ನಿಯಮಗಳ ಜಾಗಕ್ಕೆ ಬಂದಿವೆ. ಆರ್ಥಿಕ ವರ್ಷದ ಯಾವುದೇ ಹೊತ್ತಿನಲ್ಲಿ, ನಿಯಮಗಳ ಮೊದಲ ಅನುಸೂಚಿಯಲ್ಲಿರುವ ಕನಿಷ್ಠ ಒಂದು ಸಾವಿರ ಉಪಕರಣಗಳನ್ನು ಬಳಸುವ ಸಂಸ್ಥೆಯನ್ನು ಇವು ಸಗಟು ಬಳಕೆದಾರ ಎಂದು ಕರೆಯುತ್ತವೆ. ಸಾವಿರ ಎಂದರೆ ದೊಡ್ಡ ಸಂಖ್ಯೆ, ಅದು ನಮಗಲ್ಲ ಎಂದು ಅನೇಕರು ಭಾವಿಸುತ್ತಾರೆ. ಆದರೆ ಅನುಸೂಚಿಯಲ್ಲಿ ಏಳು ವರ್ಗಗಳ 106 ಬಗೆಯ ಉಪಕರಣಗಳಿವೆ; ಲ್ಯಾಪ್‌ಟಾಪ್ ಮತ್ತು ಪ್ರಿಂಟರ್‌ಗಳ ಜತೆಗೆ ಫೋನ್, ರೌಟರ್, ಯುಪಿಎಸ್, ಎಸಿ, ಫ್ಯಾನ್, ಟ್ಯೂಬ್‌ಲೈಟ್‌ಗಳೂ ಲೆಕ್ಕಕ್ಕೆ ಬರುತ್ತವೆ. ಮುನ್ನೂರು ಜನ ಕೆಲಸ ಮಾಡುವ ಕಚೇರಿಯೊಂದು ತನ್ನ ಸೂರಿನ ಕೆಳಗಿರುವುದನ್ನೆಲ್ಲ ಎಣಿಸಿದರೆ ಸಾವಿರ ದಾಟುವುದು ಕಷ್ಟವಲ್ಲ.

ಸಗಟು ಬಳಕೆದಾರರು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕ, ರಿಫರ್ಬಿಷರ್ (ಹಳೆ ಯಂತ್ರ ದುರಸ್ತಿ ಮಾಡಿ ಮತ್ತೆ ಮಾರುವವರು) ಅಥವಾ ರಿಸೈಕ್ಲರ್ (ಯಂತ್ರ ಬಿಚ್ಚಿ ಲೋಹ ಮತ್ತಿತರ ವಸ್ತು ಮರಳಿ ಪಡೆಯುವವರು) ಈ ಮೂವರಲ್ಲಿ ಒಬ್ಬರಿಗೆ ಮಾತ್ರ ಒಪ್ಪಿಸಬೇಕು. ಹಳೆಯ ನಿಯಮಗಳಲ್ಲಿ ಸಂಗ್ರಹ ಕೇಂದ್ರ ಮತ್ತು ಬಿಡಿಭಾಗ ಬೇರ್ಪಡಿಸುವ ಘಟಕಗಳಿಗೆ ಪ್ರತ್ಯೇಕ ಸ್ಥಾನವಿತ್ತು. ಈಗ ನೋಂದಣಿಯ ವರ್ಗಗಳಲ್ಲಿ ಅವು ಉಳಿದಿಲ್ಲ. ಆದ್ದರಿಂದ ಹತ್ತು ವರ್ಷದ ಹಿಂದಿನ ಅನುಮತಿ ಪತ್ರ ತೋರಿಸಿ "ನಾವೂ ಅಧಿಕೃತರು" ಎನ್ನುವವರ ಹೆಸರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಈಗ ಇದೆಯೇ, ಯಾವ ವರ್ಗದಲ್ಲಿದೆ, ಎಷ್ಟು ಸಾಮರ್ಥ್ಯಕ್ಕೆ ನೋಂದಣಿಯಾಗಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಉದ್ದಿಮೆ ಎನಿಸಿದವರನ್ನು ಈ ನಿಯಮಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಆದರೆ ಅವರ ಕಂಪ್ಯೂಟರಿನಲ್ಲಿರುವ ಗ್ರಾಹಕರ ಮಾಹಿತಿಗೆ ಅಂಥ ವಿನಾಯಿತಿಯನ್ನು ತಾನಾಗಿ ಊಹಿಸಿಕೊಳ್ಳುವಂತಿಲ್ಲ.

ಕೊಟೇಶನ್‌ಗೆ ಮೊದಲು: ಮಾಹಿತಿ ಎಲ್ಲೆಲ್ಲಿದೆ?

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸವೆಂದರೆ ಮಾಹಿತಿ ಉಳಿದಿರುವ ಯಂತ್ರಗಳನ್ನು ಉಳಿದವುಗಳಿಂದ ಬೇರ್ಪಡಿಸುವುದು. ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಎಲ್ಲರಿಗೂ ಗೊತ್ತು. ಆದರೆ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎಂದರೆ ಮದರ್‌ಬೋರ್ಡಿಗೆ ಒಂದು ಸ್ಕ್ರೂನಲ್ಲಿ ಕೂತಿರುವ, ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಅಗಲದ ಒಂದು ಹಲಗೆ. ಕೆಲವು ಮಾದರಿಗಳಲ್ಲಿ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಬಿಚ್ಚಲು ಬರುವುದಿಲ್ಲ. ಸರ್ವರಿನ ಮುಂಭಾಗದ ಟ್ರೇಗಳಿಂದ ಡಿಸ್ಕ್‌ಗಳನ್ನು ಎಳೆದು ತೆಗೆದವರು ಒಳಗೆ ಆಪರೇಟಿಂಗ್ ಸಿಸ್ಟಂಗಾಗಿ ಇಟ್ಟ ಇನ್ನೊಂದು ಸಣ್ಣ ಡಿಸ್ಕನ್ನು ಮರೆಯುವುದುಂಟು. ಸಿಸಿಟಿವಿ ರೆಕಾರ್ಡರ್‌ನಲ್ಲಿ ಡಿಸ್ಕ್ ಇದೆ. ರೌಟರ್ ಮತ್ತು ಸ್ವಿಚ್‌ಗಳಲ್ಲಿ ಕಚೇರಿಯ ಜಾಲದ ಪಾಸ್‌ವರ್ಡ್‌ಗಳಿವೆ. ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಹಲವು ಮಾದರಿಗಳು ತಾವು ಪ್ರತಿ ತೆಗೆದ ಕಾಗದಗಳ ಚಿತ್ರವನ್ನು ಒಳಗಿನ ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತವೆ. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲ್ಯಾನ್ ಎಂಬ ವಿಮಾ ಸಂಸ್ಥೆ ಬಾಡಿಗೆಗೆ ಪಡೆದಿದ್ದ ಇಂಥ ಯಂತ್ರಗಳನ್ನು ಡಿಸ್ಕ್ ಅಳಿಸದೆ ಮರಳಿಸಿತ್ತು. ರೋಗಿಗಳ ವಿವರ ಅವುಗಳಲ್ಲೇ ಉಳಿದಿದ್ದುದು ಹೊರಬಿದ್ದು, 2013ರಲ್ಲಿ ಅದು 12 ಲಕ್ಷ ಡಾಲರಿಗೂ ಹೆಚ್ಚು ತೆತ್ತು ಪ್ರಕರಣ ಇತ್ಯರ್ಥ ಮಾಡಿಕೊಳ್ಳಬೇಕಾಯಿತು.

ಅಳಿಸುವ ವಿಧಾನವೂ ಡಿಸ್ಕಿನ ಜಾತಿಯನ್ನು ಅವಲಂಬಿಸಿದೆ. ತಿರುಗುವ ತಟ್ಟೆಯ ಹಳೆ ಹಾರ್ಡ್ ಡಿಸ್ಕ್‌ಗಳನ್ನು ಪ್ರಬಲ ಅಯಸ್ಕಾಂತದಿಂದ ನಿಷ್ಕ್ರಿಯಗೊಳಿಸಬಹುದು, ಪೂರ್ತಿ ಮೇಲೆಬರೆದು ಅಳಿಸಬಹುದು. ತಿರುಗುವ ಭಾಗವಿಲ್ಲದ, ಚಿಪ್‌ಗಳಿಂದಾದ ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ ಮಾಹಿತಿ ಉಳಿಯುವುದು ವಿದ್ಯುತ್ ಆವೇಶವಾಗಿ, ಅದರ ಮುಂದೆ ಅಯಸ್ಕಾಂತದ ಆಟ ನಡೆಯುವುದಿಲ್ಲ. ಮೇಲೆಬರೆಯುವುದೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಎಸ್‌ಎಸ್‌ಡಿಯ ನಿಯಂತ್ರಕ ಸವೆತ ಹಂಚಲು ಬರಹವನ್ನು ಬೇರೆ ಬೇರೆ ಕೋಶಗಳಿಗೆ ತಿರುಗಿಸುತ್ತ ಹಳೆಯದನ್ನು ಕೆಲವೆಡೆ ಹಾಗೇ ಬಿಟ್ಟಿರುತ್ತದೆ. ಅವುಗಳಿಗೆ ತಯಾರಕರು ಕೊಟ್ಟಿರುವ ಅಳಿಸುವ ಆದೇಶ, ಅಥವಾ ಮೊದಲಿನಿಂದಲೇ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿದ್ದರೆ) ಆ ಬೀಗದ ಕೀಯನ್ನೇ ನಾಶಮಾಡುವ ವಿಧಾನ, ಅಥವಾ ಸಣ್ಣ ಚೂರುಗಳಾಗಿ ಪುಡಿಮಾಡುವುದು ಸರಿಯಾದ ದಾರಿ. ದೊಡ್ಡ ಪಟ್ಟಿಗಳಾಗಿ ಕತ್ತರಿಸುವ ಯಂತ್ರದಲ್ಲಿ ಎಸ್‌ಎಸ್‌ಡಿಯ ಪುಟ್ಟ ಚಿಪ್ ಇಡಿಯಾಗಿಯೇ ಹೊರಬರಬಹುದು. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 800-88 ಮಾರ್ಗಸೂಚಿ ಈ ವಿಧಾನಗಳನ್ನು ಅಳಿಸುವಿಕೆ, ಆಳವಾದ ಶುದ್ಧೀಕರಣ, ನಾಶ ಎಂದು ಮೂರು ಮಟ್ಟಗಳಲ್ಲಿ ವಿಂಗಡಿಸುತ್ತದೆ. ಯಾರ ಕೊಟೇಶನ್ ಬಂದರೂ ಯಾವ ಜಾತಿಯ ಡಿಸ್ಕಿಗೆ ಇದರಲ್ಲಿ ಯಾವ ಮಟ್ಟ ಎಂದು ಕೇಳಿ. ಎಲ್ಲಕ್ಕೂ ಒಂದೇ ಉತ್ತರ ಕೊಡುವವರಿಗೆ ಈ ಕೆಲಸ ಗೊತ್ತಿಲ್ಲ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಕಾಪಾಡಲು ತಕ್ಕ ಎಚ್ಚರ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಗುಜರಿಗೆ ಕೊಟ್ಟು ಬಂದ ಕೆಲವು ಸಾವಿರ ರೂಪಾಯಿಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡುವುದು ಹಣಕಾಸು ವಿಭಾಗದವರ ಕೆಲಸ.

ಗುಜರಿ ವ್ಯಾಪಾರಿ: ಒಳ್ಳೆಯ ರೇಟು ಎಲ್ಲಿಂದ ಬರುತ್ತದೆ

ಗುಜರಿಯವರ ರೇಟು ಹೆಚ್ಚಿರುವುದಕ್ಕೆ ಕಾರಣಗಳಿವೆ. ಅವರು ಲಾಟನ್ನು ಬಿಚ್ಚಿ, ಕೆಲಸ ಮಾಡುವ ರ‍್ಯಾಮ್, ಸ್ಕ್ರೀನ್, ಪ್ರೊಸೆಸರ್, ಡಿಸ್ಕ್‌ಗಳನ್ನು ಬಿಡಿಯಾಗಿ ಮಾರುತ್ತಾರೆ, ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಳೆ ಕಂಪ್ಯೂಟರ್ ಮಾರುಕಟ್ಟೆ ನಿಂತಿರುವುದೇ ಇಂಥ ಕೌಶಲದ ಮೇಲೆ. ಕಬ್ಬಿಣ, ಪ್ಲಾಸ್ಟಿಕ್, ತಾಮ್ರದ ತಂತಿ, ಬೋರ್ಡು ಎಂದು ಅವರು ಕೈಯಲ್ಲಿ ವಿಂಗಡಿಸುವ ನಾಜೂಕು ಯಾವ ಯಂತ್ರಕ್ಕೂ ಬಾರದು. ಈ ಕೆಲಸದಿಂದ ಬದುಕುವ ಕುಟುಂಬಗಳು ಸಾವಿರಾರಿವೆ, ಅವರನ್ನು ಕಳ್ಳರಂತೆ ಚಿತ್ರಿಸುವುದು ಅನ್ಯಾಯ.

ರೇಟಿನ ಉಳಿದ ಭಾಗ ಬರುವುದು ಯಾರೋ ತೆರುತ್ತಿರುವ ಬೆಲೆಯಿಂದ. ಗುಜರಿಯಲ್ಲಿ ವಿಷಾನಿಲ ಹಿಡಿಯುವ ವ್ಯವಸ್ಥೆ ಇಲ್ಲ, ಆಮ್ಲದ ನೀರು ಶುದ್ಧೀಕರಿಸುವ ಘಟಕ ಇಲ್ಲ. ತಾಮ್ರಕ್ಕಾಗಿ ಪಿವಿಸಿ ಹೊದಿಕೆಯ ತಂತಿಗಳನ್ನು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಏಳುತ್ತದೆ. ಬೋರ್ಡುಗಳು ಊರಿಂದ ಊರಿಗೆ ಕೈ ಬದಲಾಯಿಸಿ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್‌ನಂಥ ಕಡೆ ಆಮ್ಲದ ತೊಟ್ಟಿಗೆ ಬೀಳುತ್ತವೆ. ಉಳಿದ ದ್ರಾವಣ ಚರಂಡಿಗೆ, ಅಲ್ಲಿಂದ ನದಿಗೆ ಸೇರುತ್ತದೆ. ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಹಳೆ ಎಲ್‌ಸಿಡಿ ಪರದೆಗಳ ಹಿಂದಿನ ದೀಪದಲ್ಲಿ ಪಾದರಸವಿದೆ. ಒಡೆಯುವ ಕೆಲಸ ನಡೆಯುವುದು ಎಷ್ಟೋ ಸಲ ಮನೆಯ ಅಂಗಳದಲ್ಲಿ, ಮಕ್ಕಳು ಆಡುವ ಜಾಗದಲ್ಲಿ. ಸೀಸ ಬೆಳೆಯುವ ಮಿದುಳಿಗೆ ಮಾಡುವ ಹಾನಿ ಮರಳಿ ಸರಿಯಾಗುವಂಥದಲ್ಲ. ನಮ್ಮ ಕಚೇರಿಯ ಟೆಂಪೊ ಗೇಟು ದಾಟಿದ ಮೇಲೆ ನಡೆಯುವುದು ಇದು ಎಂದು ಗೊತ್ತಿದ್ದೂ ಕಿಲೋಗೆ ಹತ್ತಿಪ್ಪತ್ತು ರೂಪಾಯಿಯ ವ್ಯತ್ಯಾಸಕ್ಕೆ ಕಣ್ಣು ಮುಚ್ಚುವುದನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ವ್ಯವಹಾರದ ದೃಷ್ಟಿಯಿಂದಲೂ ನಗದು ಮಾರಾಟ ಲಾಭದ್ದಲ್ಲ. 2022ರ ಜುಲೈ 18ರಿಂದ ಇ-ತ್ಯಾಜ್ಯದ ಮೇಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ನೋಂದಾಯಿತ ಖರೀದಿದಾರರು ಅದನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಬಹುದಾದ್ದರಿಂದ ಅವರಿಗೆ ಬಿಲ್ ಬೇಕು. ಬಿಲ್ ಬೇಡವೆನ್ನುವವರ ರೇಟಿನಲ್ಲಿ ಆ ತೆರಿಗೆಯೂ ಅಡಗಿದೆ. ಬಿಲ್ ಇಲ್ಲದೆ ಹೊರಹೋದ ಯಂತ್ರಗಳು ಅಸೆಟ್ ರಿಜಿಸ್ಟರ್‌ನಲ್ಲಿ ಹಾಗೇ ಉಳಿದು, ಲೆಕ್ಕಪರಿಶೋಧಕರು ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಸಾವಿರ ಉಪಕರಣಗಳ ಮಿತಿಯೊಳಗಿನ ಚಿಕ್ಕ ಅಂಗಡಿ ಅಥವಾ ಕಚೇರಿ ಗುಜರಿಯವರನ್ನು ಬಿಟ್ಟಿರಲಾರದು ಎಂದಾದರೆ ಖಾಲಿ ಕ್ಯಾಬಿನೆಟ್, ಕಬ್ಬಿಣದ ರ‍್ಯಾಕ್, ಮರದ ಮೇಜಿಗೆ ಅವರನ್ನು ಕರೆಯಲಿ. ಬೋರ್ಡು, ಪರದೆ, ಡಿಸ್ಕ್, ಬ್ಯಾಟರಿ ಈ ನಾಲ್ಕು ಅವರ ಕೈಗೆ ಹೋಗಬಾರದು.

ನೋಂದಾಯಿತ ರಿಸೈಕ್ಲರ್: ಪ್ರಮಾಣಪತ್ರದ ಆಚೆಗೆ ಏನನ್ನು ನೋಡಬೇಕು

ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕವಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ. ಅಂದಿನಿಂದ ರಾಜ್ಯದಲ್ಲಿ ಇಂಥ ಘಟಕಗಳು ಬಹಳ ಹೆಚ್ಚಿವೆ, ಆದ್ದರಿಂದ ಇಂದಿನ ಸವಾಲು ಒಳ್ಳೆಯವರನ್ನು ಆರಿಸುವುದು.

ಇದಕ್ಕೆ ರಿಸೈಕ್ಲರ್‌ಗಳ ಆದಾಯ ಹೇಗೆ ನಡೆಯುತ್ತದೆಂದು ತಿಳಿದಿರಬೇಕು. ಉತ್ಪಾದಕ ಕಂಪನಿಗಳು ತಾವು ಮಾರಿದ ಉಪಕರಣಗಳ ಒಂದು ಪಾಲನ್ನು ಮರುಬಳಕೆ ಮಾಡಿಸಬೇಕು. ಆ ಗುರಿ 2023-24 ಮತ್ತು 2024-25ಕ್ಕೆ ಶೇ 60, ಮುಂದಿನ ಎರಡು ವರ್ಷಕ್ಕೆ ಶೇ 70, 2027-28ರಿಂದ ಶೇ 80. ಅದಕ್ಕಾಗಿ ಅವು ನೋಂದಾಯಿತ ರಿಸೈಕ್ಲರ್‌ಗಳಿಂದ ಇಪಿಆರ್ (ಉತ್ಪಾದಕರ ವಿಸ್ತೃತ ಹೊಣೆ) ಪ್ರಮಾಣಪತ್ರ ಕೊಳ್ಳುತ್ತವೆ. ಅಂದರೆ ರಿಸೈಕ್ಲರಿಗೆ ನಿಮ್ಮ ಮಾಲಿನಿಂದ ಲೋಹದ ಹಣವೂ ಬರುತ್ತದೆ, ಪ್ರಮಾಣಪತ್ರದ ಹಣವೂ ಬರುತ್ತದೆ. 2024ರಲ್ಲಿ ಗ್ರಾಹಕ ಎಲೆಕ್ಟ್ರಾನಿಕ್ಸ್‌ಗೆ ಕಿಲೋಗೆ ಕನಿಷ್ಠ 22 ರೂಪಾಯಿ ಎಂದು ದರ ನಿಗದಿಯಾದಾಗ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದನ್ನು ನೋಡಿದರೆ ಈ ಹಣ ಚಿಲ್ಲರೆಯದಲ್ಲವೆಂದು ತಿಳಿಯುತ್ತದೆ. ನೀವು ಉತ್ಪಾದಕರಲ್ಲದಿದ್ದರೂ ರೇಟು ಮಾತಾಡುವಾಗ ಇದನ್ನು ನೆನಪಿಸಲು ಸಂಕೋಚ ಬೇಡ. ಸಾಗಣೆ ವೆಚ್ಚವನ್ನಾದರೂ ಅವರೇ ಹೊರಬೇಕೆಂದು ಕೇಳಬಹುದು.

ಈ ವ್ಯವಸ್ಥೆಯಲ್ಲಿ ಒಂದು ಕೊರತೆಯಿದೆ. ಮರುಬಳಕೆಯ ಪ್ರಮಾಣಪತ್ರ ಲೆಕ್ಕವಾಗುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳ ಮೇಲೆ. ಸೀಸದ ಗಾಜು, ಬೆಂಕಿನಿರೋಧಕ ರಾಸಾಯನಿಕ ಬೆರೆತ ಪ್ಲಾಸ್ಟಿಕ್, ಟೋನರ್ ಪುಡಿ ಇವುಗಳಿಂದ ಯಾರಿಗೂ ಆದಾಯವಿಲ್ಲ, ನಿರ್ವಹಣೆಯ ಖರ್ಚು ಮಾತ್ರ ಇದೆ. ಹಾಗಾಗಿ "ಸರ್ವರ್ ಇದ್ದರೆ ಹೇಳಿ, ದಪ್ಪ ಮಾನಿಟರ್, ಪ್ರಿಂಟರ್ ಬೇಡ" ಎನ್ನುವ ರಿಸೈಕ್ಲರ್‌ಗಳು ಸಿಗುತ್ತಾರೆ. ಸರ್ವರ್ ಬೋರ್ಡುಗಳ ಮೇಲಿನ ಆಸೆ ಅರ್ಥವಾಗುವಂಥದೇ: ಕೋಲಾರದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು, ಹಳೆ ಕಂಪ್ಯೂಟರ್ ಬೋರ್ಡುಗಳ ಒಂದು ಟನ್ನಿನಲ್ಲಿ ನೂರು ಗ್ರಾಂ ದಾಟಿ ಚಿನ್ನವಿರುವುದು ಸಾಮಾನ್ಯ. ಆದ್ದರಿಂದ ಒಪ್ಪಂದದಲ್ಲಿ ಬೆಲೆಯುಳ್ಳದ್ದನ್ನೂ ಬೆಲೆಯಿಲ್ಲದ್ದನ್ನೂ ಒಟ್ಟಿಗೆ ಒಯ್ಯಬೇಕೆಂಬ ಷರತ್ತು ಇರಲೇಬೇಕು. ಬೆಲೆಯುಳ್ಳದ್ದು ಹೋಗಿ ಉಳಿದದ್ದು ಕೋಣೆಯಲ್ಲೇ ಕೂತರೆ ಮುಂದೆ ಅದನ್ನು ಒಯ್ಯಲು ಯಾರೂ ಬರುವುದಿಲ್ಲ.

ಬೋರ್ಡುಗಳು ಕೊನೆಗೆ ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆಯನ್ನು ಬಿಡಬೇಡಿ. ಹಲವು ಘಟಕಗಳು ಬಿಚ್ಚುವುದು, ಪುಡಿಮಾಡುವುದು, ಬೇರ್ಪಡಿಸುವುದಕ್ಕೆ ಸೀಮಿತವಾಗಿರುತ್ತವೆ. ಅಮೂಲ್ಯ ಲೋಹಗಳನ್ನು ತೆಗೆಯಲು ಬೇರೆ ಘಟಕಕ್ಕೆ, ಕೆಲವೊಮ್ಮೆ ಬೆಲ್ಜಿಯಂನ ಹೊಬೊಕೆನ್‌ನಲ್ಲಿರುವ ಉಮಿಕೋರ್‌ನಂಥ ವಿದೇಶಿ ಕುಲುಮೆಗಳಿಗೆ ಕಳಿಸುತ್ತಾರೆ. ದೇಶದಿಂದ ದೇಶಕ್ಕೆ ಅಪಾಯಕಾರಿ ತ್ಯಾಜ್ಯ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ತಿದ್ದುಪಡಿಯಂತೆ 2025ರ ಜನವರಿ 1ರಿಂದ ಅಪಾಯಕಾರಿಯಾಗಲಿ ಅಲ್ಲದಿರಲಿ, ಎಲ್ಲ ಇ-ತ್ಯಾಜ್ಯವನ್ನು ಗಡಿ ದಾಟಿಸಲು ಎರಡೂ ದೇಶಗಳ ಪೂರ್ವಾನುಮತಿ ಬೇಕು. ಮುಂದಿನ ಘಟಕದ ಹೆಸರು ಹೇಳಲು ಹಿಂಜರಿಯುವ ರಿಸೈಕ್ಲರಿನ ಬೋರ್ಡುಗಳು ಮತ್ತೆ ಅದೇ ಆಮ್ಲದ ತೊಟ್ಟಿಗೆ ಹೋಗುತ್ತಿಲ್ಲವೆಂದು ನಂಬಲು ಆಧಾರವಿಲ್ಲ.

ಕಾಗದವನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿವೆ. ಪ್ಲಾಸ್ಟಿಕ್ ತ್ಯಾಜ್ಯದ ಇಪಿಆರ್ ವ್ಯವಸ್ಥೆಯಲ್ಲಿ 2023ರಲ್ಲಿ ಕೇಂದ್ರ ಮಂಡಳಿ ಪರಿಶೀಲಿಸಿದಾಗ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಸಿಕ್ಕಿಬಿದ್ದ ಘಟಕಗಳಲ್ಲಿ ಕರ್ನಾಟಕದ್ದೂ ಸೇರಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಟೋಟಲ್ ರಿಕ್ಲೇಮ್ ಎಂಬ ಹೆಸರುವಾಸಿ ರಿಸೈಕ್ಲರ್, ಪಾದರಸವಿದ್ದ ಪರದೆಗಳನ್ನು ಸುರಕ್ಷಿತವಾಗಿ ಸಂಸ್ಕರಿಸುತ್ತೇವೆಂದು ಗ್ರಾಹಕರಿಗೆ ಮಾತುಕೊಟ್ಟು ಹಾಂಗ್‌ಕಾಂಗ್‌ಗೆ ಸಾಗಿಸುತ್ತಿದ್ದುದನ್ನು ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಸಂಸ್ಥೆ ಪರದೆಗಳೊಳಗೆ ಜಿಪಿಎಸ್ ಸಾಧನ ಅಡಗಿಸಿಟ್ಟು ಪತ್ತೆ ಮಾಡಿತು. ಮಾಲೀಕರಿಬ್ಬರಿಗೂ 2019ರಲ್ಲಿ ಜೈಲು ಶಿಕ್ಷೆಯಾಯಿತು.

ನಿಮ್ಮ ಕೈಗೆ ಬರುವ ಕಾಗದವನ್ನು ಹೀಗೆ ಪರೀಕ್ಷಿಸಿ. "ಒಟ್ಟು 640 ಕಿಲೋ ಇ-ತ್ಯಾಜ್ಯವನ್ನು ಪರಿಸರಸ್ನೇಹಿಯಾಗಿ ವಿಲೇವಾರಿ ಮಾಡಲಾಗಿದೆ" ಎಂಬ ಒಂದು ಸಾಲಿನ ಪ್ರಮಾಣಪತ್ರ ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಆ 640 ಕಿಲೋದಲ್ಲಿ ನಿಮ್ಮ ಸರ್ವರ್ ಇತ್ತೇ, ಇದ್ದರೆ ಅದರ ಡಿಸ್ಕ್ ಇತ್ತೇ ಎಂದು ಅದರಿಂದ ತಿಳಿಯದು. ಉಪಯೋಗಕ್ಕೆ ಬರುವ ದಾಖಲೆಯಲ್ಲಿ ಪ್ರತಿ ಯಂತ್ರದ ಸೀರಿಯಲ್ ಸಂಖ್ಯೆ, ಒಳಗಿದ್ದ ಡಿಸ್ಕಿನ ಪ್ರತ್ಯೇಕ ಸೀರಿಯಲ್ ಸಂಖ್ಯೆ, ಅಳಿಸಿದ ವಿಧಾನ, ದಿನಾಂಕ, ಮಾಡಿದವರ ಸಹಿ ಇರುತ್ತವೆ. ನಿಮ್ಮ ಗೇಟ್ ಪಾಸಿನ ಪಟ್ಟಿ, ವೇಬ್ರಿಡ್ಜ್ ಚೀಟಿ, ಇ-ವೇ ಬಿಲ್, ಅವರ ಸ್ವೀಕೃತಿ ಪಟ್ಟಿ ಈ ನಾಲ್ಕರ ಅಂಕಿಗಳೂ ತಾಳೆಯಾಗಬೇಕು. ತಾಳೆಯಾಗದ ಒಂದೇ ಒಂದು ಡಿಸ್ಕ್ ಇದ್ದರೂ ಹಣ ತಡೆಹಿಡಿಯುವ ಷರತ್ತು ಒಪ್ಪಂದದಲ್ಲಿರಲಿ. ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಘಟಕಕ್ಕೆ ಭೇಟಿ ಕೊಡುವ ಹಕ್ಕನ್ನೂ ಬರೆಸಿಕೊಳ್ಳಿ, ಬರೆಸಿಕೊಂಡ ಮೇಲೆ ಹೋಗಿಬನ್ನಿ.

ರಿಫರ್ಬಿಷರ್, ನೌಕರರಿಗೆ ಮಾರಾಟ, ಶಾಲೆಗೆ ದಾನ

ಕೆಲಸ ಮಾಡುವ ಲ್ಯಾಪ್‌ಟಾಪನ್ನು ಪುಡಿಮಾಡುವುದು ಪರಿಸರದ ಲೆಕ್ಕದಲ್ಲಿ ನಷ್ಟ, ಏಕೆಂದರೆ ಅದನ್ನು ತಯಾರಿಸುವಾಗ ಖರ್ಚಾದ ನೀರು, ವಿದ್ಯುತ್ತು ಮತ್ತು ಅದಿರಿನ ಬಹುಪಾಲನ್ನು ಮರುಬಳಕೆ ಮರಳಿ ಕೊಡಲಾರದು. ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಕಂಪ್ಯೂಟರಿಗೆ ಮೂರು ವರ್ಷ, ಸರ್ವರಿಗೆ ಆರು ವರ್ಷ ಆಯುಷ್ಯ ನಿಗದಿ ಮಾಡಿರುವುದರಿಂದ ಲೆಕ್ಕಪತ್ರದಲ್ಲಿ ಸತ್ತ ಯಂತ್ರಗಳಲ್ಲಿ ಅನೇಕವು ಮೇಜಿನ ಮೇಲೆ ಇನ್ನೂ ಚೆನ್ನಾಗಿ ಬದುಕಿರುತ್ತವೆ. ಇಂಥವುಗಳಿಗೆ ನೋಂದಾಯಿತ ರಿಫರ್ಬಿಷರ್ ಎಲ್ಲಕ್ಕಿಂತ ಉತ್ತಮ ಆಯ್ಕೆ. ಹಣವೂ ಹೆಚ್ಚು ಸಿಗುತ್ತದೆ. ಇಲ್ಲಿ ರೇಟನ್ನು ತೂಕದ ಮೇಲಲ್ಲದೆ ಯಂತ್ರದ ಲೆಕ್ಕದಲ್ಲಿ ಮಾತಾಡಬೇಕು. ಕಳಿಸುವ ಮೊದಲು ಬಯಾಸ್ ಪಾಸ್‌ವರ್ಡ್ (ಯಂತ್ರ ಶುರುವಾಗುವಾಗಲೇ ಕೇಳುವ ಪಾಸ್‌ವರ್ಡ್) ತೆಗೆದು, ಕಂಪನಿಯ ನಿರ್ವಹಣಾ ಸಾಫ್ಟ್‌ವೇರಿನಿಂದ ಯಂತ್ರವನ್ನು ಬಿಡಿಸಬೇಕು. ಈ ಬೀಗ ಉಳಿದ ಲ್ಯಾಪ್‌ಟಾಪ್ ಎಷ್ಟು ಹೊಸದಾಗಿದ್ದರೂ ಬಿಡಿಭಾಗದ ಬೆಲೆಗೆ ಇಳಿಯುತ್ತದೆ. ಚಾರ್ಜರ್‌ಗಳನ್ನು ಜತೆಗಿಟ್ಟರೆ ಬೆಲೆ ಏರುತ್ತದೆ.

ಈ ದಾರಿಯಲ್ಲಿ ಮಾಹಿತಿ ಭದ್ರತೆಗೂ ಮರುಬಳಕೆಗೂ ನಡುವೆ ನಿಜವಾದ ತಿಕ್ಕಾಟವಿದೆ. ಡಿಸ್ಕ್ ಕಿತ್ತು ನಾಶಪಡಿಸಿದರೆ ಮನಸ್ಸಿಗೆ ನೆಮ್ಮದಿ, ಆದರೆ ಯಂತ್ರದ ಬೆಲೆ ಕುಸಿಯುತ್ತದೆ. ಮೊದಲ ದಿನದಿಂದಲೇ ಪೂರ್ಣ ಎನ್‌ಕ್ರಿಪ್ಶನ್ ಇದ್ದ ಲ್ಯಾಪ್‌ಟಾಪ್‌ಗಳಲ್ಲಿ ಕೀ ನಾಶಮಾಡಿ, ತಯಾರಕರ ಅಳಿಸುವ ಆದೇಶ ಚಲಾಯಿಸಿ, ಡಿಸ್ಕ್ ಸಮೇತ ಮಾರುವುದು ಸರಿ. ಎನ್‌ಕ್ರಿಪ್ಶನ್ ಇಲ್ಲದೆ ಗ್ರಾಹಕರ ಮಾಹಿತಿ ಹೊತ್ತ ಡಿಸ್ಕ್‌ಗಳನ್ನು ನಿಮ್ಮ ಆವರಣದಲ್ಲೇ, ನಿಮ್ಮ ಸಿಬ್ಬಂದಿಯ ಕಣ್ಣೆದುರೇ ಪುಡಿಮಾಡಿಸಿ ಉಳಿದ ಯಂತ್ರವನ್ನು ಮಾರಬೇಕು. ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟಾನ್ಲಿಯ ಪ್ರಕರಣ ಇದನ್ನು ಕಲಿಸುತ್ತದೆ. ಅದರ ಸಂಪತ್ತು ನಿರ್ವಹಣಾ ವಿಭಾಗ ತನ್ನ ಡೇಟಾ ಸೆಂಟರ್ ಮುಚ್ಚುವಾಗ, ಮಾಹಿತಿ ನಾಶದ ಅನುಭವವೇ ಇಲ್ಲದ ಸಾಮಾನು ಸಾಗಣೆ ಕಂಪನಿಗೆ ಕೆಲಸ ಒಪ್ಪಿಸಿತು. ಅಳಿಸದ ಯಂತ್ರಗಳು ಕೈ ಬದಲಾಗಿ ಅಂತರ್ಜಾಲದ ಹರಾಜಿಗೆ ಬಂದವು. 2020ರಲ್ಲಿ ಬ್ಯಾಂಕ್ ನಿಯಂತ್ರಕರಿಗೆ 6 ಕೋಟಿ ಡಾಲರ್, 2022ರಲ್ಲಿ ಷೇರುಪೇಟೆ ನಿಯಂತ್ರಕರಿಗೆ 3.5 ಕೋಟಿ ಡಾಲರ್ ದಂಡ ಕಟ್ಟಿತು. ಒಪ್ಪಂದ ಮಾಡಿಕೊಂಡವರು ಕೆಲಸವನ್ನು ಬೇರೆಯವರಿಗೆ ವಹಿಸುವಂತಿಲ್ಲ ಎಂಬ ಷರತ್ತಿನ ಬೆಲೆ ಇಲ್ಲಿ ಗೊತ್ತಾಗುತ್ತದೆ.

ನೌಕರರಿಗೆ ಹಳೆ ಲ್ಯಾಪ್‌ಟಾಪ್ ಮಾರುವುದು ಸರಳ, ಒಳ್ಳೆಯ ಪದ್ಧತಿ. ಅದಕ್ಕೂ ಬಿಲ್ ಮಾಡಿ, ಅಳಿಸಿದ ದಾಖಲೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ನಿಯಮ. ದಾನದ ವಿಷಯದಲ್ಲಿ ಇನ್ನಷ್ಟು ಪ್ರಾಮಾಣಿಕತೆ ಬೇಕು. ಸುಂಕವಿಲ್ಲದೆ ಆಮದು ಮಾಡಿಕೊಂಡ ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ) ಘಟಕಗಳು ಎರಡು ವರ್ಷ ಬಳಸಿದ ಕಂಪ್ಯೂಟರ್‌ಗಳನ್ನು ಮಾನ್ಯತೆ ಪಡೆದ ಶಾಲೆ, ಗ್ರಂಥಾಲಯ, ಧರ್ಮಾಸ್ಪತ್ರೆಗಳಿಗೆ ಕೊಡಲು ಸುಂಕದ ನಿಯಮಗಳಲ್ಲೇ ಅವಕಾಶವಿದೆ. ಅದೇ ಯಂತ್ರವನ್ನು ಮಾರಬೇಕಾದರೆ ಕಸ್ಟಮ್ಸ್ ಇಲಾಖೆಯಿಂದ ಬಿಡಿಸಿಕೊಳ್ಳುವ ಪ್ರಕ್ರಿಯೆ ಮೊದಲು ಮುಗಿಯಬೇಕು, ಇದನ್ನು ಮರೆತು ಲಾರಿ ಕರೆಸಿದ ಕಂಪನಿಗಳು ಗೇಟಿನಲ್ಲೇ ನಿಂತಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ಕ್ಕೆ ಹೊಂದದ ಯಂತ್ರಗಳು ರಾಶಿರಾಶಿಯಾಗಿ ಹೊರಬೀಳುತ್ತಿವೆ. ಅವುಗಳಿಗೆ ಲಿನಕ್ಸ್ ಹಾಕಿ, ಪರೀಕ್ಷಿಸಿ, ಒಂದು ವರ್ಷದ ದುರಸ್ತಿಯ ಹೊಣೆ ಹೊತ್ತು ಸರ್ಕಾರಿ ಶಾಲೆಗೆ ಕೊಟ್ಟರೆ ಅದು ದಾನ. ಹತ್ತು ವರ್ಷದ, ಬೂಟ್ ಆಗದ ಯಂತ್ರಗಳನ್ನು ಇಳಿಸಿ ಫೋಟೊ ತೆಗೆಸಿಕೊಂಡರೆ ನಮ್ಮ ತ್ಯಾಜ್ಯವನ್ನು ವಿಲೇವಾರಿಯ ದಾರಿಯೇ ತಿಳಿಯದ ಮುಖ್ಯೋಪಾಧ್ಯಾಯರ ತಲೆಗೆ ಕಟ್ಟಿದಂತಾಯಿತು.

ತಯಾರಕರ ಬೈಬ್ಯಾಕ್

ಒಂದೇ ಬ್ರ್ಯಾಂಡಿನ ನೂರಾರು ಯಂತ್ರಗಳನ್ನು ಒಟ್ಟಿಗೆ ಬದಲಿಸುವವರಿಗೆ ಇದು ಅನುಕೂಲ. ಉತ್ಪಾದಕರಿಗೆ ಒಪ್ಪಿಸುವುದು ನಿಯಮಕ್ಕೆ ಸರಿಹೊಂದುತ್ತದೆ, ಹೊಸದರ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಆ ಕಡಿತ ಹಳೆಯದರ ನಿಜವಾದ ಬೆಲೆಯೋ, ಹೊಸದರ ಬೆಲೆಯನ್ನೇ ಏರಿಸಿ ಕೊಟ್ಟದ್ದೋ ತಿಳಿಯಲು ಎರಡಕ್ಕೂ ಪ್ರತ್ಯೇಕ ಕೊಟೇಶನ್ ತರಿಸಬೇಕು. ಬೇರೆ ಬ್ರ್ಯಾಂಡಿನ ಮಾಲನ್ನು ಇವರು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಬ್ಯಾಟರಿಗೆ ಬೇರೆ ದಾರಿ

ಯುಪಿಎಸ್ ಬ್ಯಾಟರಿಗಳನ್ನು ಇ-ತ್ಯಾಜ್ಯದ ಲಾಟಿಗೆ ಸೇರಿಸುವುದು ನಾನು ಮತ್ತೆ ಮತ್ತೆ ನೋಡುವ ತಪ್ಪು. ಇವು 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಕೆಳಗೆ ಬರುತ್ತವೆ. ಇ-ತ್ಯಾಜ್ಯದ ನೋಂದಣಿ ಮಾತ್ರ ಇರುವವರು ಅವನ್ನು ಪಡೆಯುವಂತಿಲ್ಲ. ಸೀಸಕ್ಕೆ ಬೆಲೆಯಿರುವುದರಿಂದ ಬ್ಯಾಟರಿ ಮಾರಿದ ಡೀಲರೇ ಹಳೆಯದನ್ನು ಮರಳಿ ಪಡೆಯುತ್ತಾರೆ, ಅದೇ ಸುಲಭದ ದಾರಿ. ಲ್ಯಾಪ್‌ಟಾಪಿನ ಉಬ್ಬಿದ ಲಿಥಿಯಂ ಬ್ಯಾಟರಿಗಳನ್ನಂತೂ ಕಾಗದ ಮತ್ತು ರಟ್ಟಿನ ಪೆಟ್ಟಿಗೆಗಳ ನಡುವೆ ತಿಂಗಳುಗಟ್ಟಲೆ ಇಡಬಾರದು. ತುದಿಗಳಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದಂತೆ, ಬಿಸಿಲು ಬೀಳದ ಪ್ರತ್ಯೇಕ ಜಾಗದಲ್ಲಿಟ್ಟು ಮೊದಲ ಲಾರಿಯಲ್ಲೇ ಕಳಿಸಬೇಕು.

ಯಾರಿಗೆ ಯಾವುದು

ಬ್ಯಾಂಕ್, ಆಸ್ಪತ್ರೆ, ವಿಮೆ, ಲೆಕ್ಕಪರಿಶೋಧನೆಯಂಥ ಸಂಸ್ಥೆಗಳು ಶುಲ್ಕ ಕೊಟ್ಟಾದರೂ ತಮ್ಮ ಆವರಣದಲ್ಲೇ ಡಿಸ್ಕ್ ನಾಶ ಮಾಡಿಸಿ, ಉಳಿದ ಲೋಹವನ್ನು ರಿಸೈಕ್ಲರಿಗೆ ಕೊಡಬೇಕು. ಇವರಿಗೆ ಕಿಲೋ ರೇಟು ಕೊನೆಯ ಪ್ರಶ್ನೆಯಾಗಿರಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪ್ ಬದಲಿಸುವ ಸಾಫ್ಟ್‌ವೇರ್ ಕಂಪನಿಗೆ ರಿಫರ್ಬಿಷರ್ ಮೊದಲ ಆಯ್ಕೆ, ಅವರು ತಿರಸ್ಕರಿಸಿದ ಪಾಲಿಗೆ ಮಾತ್ರ ರಿಸೈಕ್ಲರ್. ಪೀಣ್ಯದಂಥ ಕಡೆಯ ಕಾರ್ಖಾನೆಗಳಲ್ಲಿ ನಿಯಂತ್ರಣ ಫಲಕ, ಡ್ರೈವ್, ಹಳೆ ಟ್ಯೂಬ್‌ಲೈಟುಗಳು ಹೆಚ್ಚಿರುವುದರಿಂದ ಎಲ್ಲ ಬಗೆಯನ್ನೂ ಒಯ್ಯುವ ಷರತ್ತಿನ ವಾರ್ಷಿಕ ಒಪ್ಪಂದವೇ ಒಳ್ಳೆಯದು.

ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯ ಸಣ್ಣ ನರ್ಸಿಂಗ್ ಹೋಮ್, ಕಾಲೇಜು, ಸಹಕಾರಿ ಬ್ಯಾಂಕ್‌ಗಳ ಕಷ್ಟ ಬೇರೆ. ಎಂಬತ್ತು ಕಿಲೋ ಮಾಲಿಗಾಗಿ ಬೆಂಗಳೂರಿನಿಂದ ಯಾರೂ ಲಾರಿ ಕಳಿಸುವುದಿಲ್ಲ, ಗುಜರಿಯವರು ಬಾಗಿಲಲ್ಲೇ ಇದ್ದಾರೆ. ಇಲ್ಲಿ ಒಬ್ಬೊಬ್ಬರಾಗಿ ಮಾಡಿ ಗೆಲ್ಲಲಾಗದು. ಜಿಲ್ಲೆಯ ಸಣ್ಣ ಕೈಗಾರಿಕೆಗಳ ಸಂಘ ಅಥವಾ ವೈದ್ಯರ ಸಂಘ ಆರು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿ ಎಲ್ಲರ ಮಾಲನ್ನು ಒಂದೆಡೆ ಸೇರಿಸಿದರೆ ರಿಸೈಕ್ಲರ್ ತಾವೇ ಬರುವಷ್ಟು ತೂಕವಾಗುತ್ತದೆ. ಆ ದಿನಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಡಿಸ್ಕ್‌ಗಳನ್ನು ಸ್ಥಳೀಯವಾಗಿಯೇ ಅಳಿಸಿರಬೇಕು ಅಥವಾ ಕಿತ್ತು ಇಟ್ಟುಕೊಂಡಿರಬೇಕು. ಲಾರಿ ಒಂದೇ ಆದರೂ ಪ್ರತಿ ಸಂಸ್ಥೆಗೂ ಬೇರೆ ತೂಕದ ಚೀಟಿ, ಬೇರೆ ಬಿಲ್, ಬೇರೆ ಸೀರಿಯಲ್ ಪಟ್ಟಿ ಮಾಡಿಸಬೇಕು. ಸಂಘದ ಹೆಸರಿನಲ್ಲಿ ಬರುವ ಒಂದೇ ಪ್ರಮಾಣಪತ್ರ ಆ ಇಪ್ಪತ್ತು ಸಂಸ್ಥೆಗಳಲ್ಲಿ ಯಾವುದಕ್ಕೂ ದಾಖಲೆಯಾಗುವುದಿಲ್ಲ.